ಚೆನ್ನೈಗೆ ಹೋಗುವ ಗೂಡ್ಸ್ ರೈಲಿನ ದಿನ ಬದಲಾದರೆ ಏನು ಮಾಡಬೇಕು

"ಮೇಡಂ, ಸೋಮವಾರದ ರೈಲು ಮುಂದಿನ ವಾರದಿಂದ ಬುಧವಾರ ಹೊರಡುತ್ತೆ."

ಕೆಲವು ವರ್ಷದ ಹಿಂದೆ ಒಂದು ಶುಕ್ರವಾರ ಸಂಜೆ ನನ್ನ ಫೋನಿಗೆ ಬಂದ ಮೆಸೇಜು ಇಷ್ಟೇ. ಎರಡೇ ದಿನದ ವ್ಯತ್ಯಾಸ ಅಲ್ವಾ ಅಂದುಕೊಂಡೆ. ಸರಿ ಎಂದು ಉತ್ತರ ಹಾಕಿ ಮನೆಗೆ ಹೊರಟೆ. ಆ ಬುಧವಾರ ನಮ್ಮ ಮೂರು ಕಂಟೇನರ್ ಮಿಡಿಸೌತೆ ವೈಟ್‌ಫೀಲ್ಡ್‌ನ ಕಂಟೇನರ್ ಡಿಪೋದಿಂದ ರಾತ್ರಿ 11ಕ್ಕೆ ಹೊರಟವು. ಚೆನ್ನೈ ಬಂದರು ತಲುಪಿದ್ದು ಗುರುವಾರ ಸಂಜೆ 5ಕ್ಕೆ. ನಮ್ಮ ಹಡಗಿನ ಕಟ್-ಆಫ್, ಅಂದರೆ ಕಂಟೇನರ್ ಒಳಗೆ ತೆಗೆದುಕೊಳ್ಳುವ ಗಡುವು, ಅದೇ ದಿನ ಮಧ್ಯಾಹ್ನ 12ಕ್ಕೆ ಮುಗಿದಿತ್ತು. ಐದು ಗಂಟೆಯಲ್ಲಿ ಹಡಗು ಕೈತಪ್ಪಿತು. ಮುಂದಿನ ಹಡಗು ಎಂಟು ದಿನಕ್ಕೆ.

ನಾನು ನೆಲಮಂಗಲದ ಆಚೆ ಇರುವ ಒಂದು ಮಿಡಿಸೌತೆ ಫ್ಯಾಕ್ಟರಿಯಲ್ಲಿ ಡಿಸ್ಪ್ಯಾಚ್ ನೋಡಿಕೊಳ್ಳುತ್ತೇನೆ. ಬೆರಳುದ್ದದ ಸೌತೆಕಾಯಿ, ಉಪ್ಪುನೀರು ತುಂಬಿದ ನೀಲಿ ಡ್ರಮ್ಮು, ಒಂದು 20 ಅಡಿ ಕಂಟೇನರ್‌ಗೆ 80 ಡ್ರಮ್ಮು. ಉಪ್ಪುನೀರಿನಲ್ಲಿದ್ದ ಕಾಯಿ ಎಂಟು ದಿನಕ್ಕೆ ಕೆಡುವುದಿಲ್ಲ. ಆದರೆ ಹಡಗಿಗೆ ಮಾಲು ಏರಿದ ಕಾಗದ ಬ್ಯಾಂಕಿಗೆ ಹೋಗದೆ ದುಡ್ಡು ಬರುವುದಿಲ್ಲ. ದುಡ್ಡು ಬರದಿದ್ದರೆ ಬೆಳಿಗ್ಗೆ ಬೆಳಿಗ್ಗೆ ಎದ್ದು ಕಾಯಿ ಕಿತ್ತು ಕೊಟ್ಟ ರೈತರಿಗೆ ವಾರದ ಬಟವಾಡೆ ತಡವಾಗುತ್ತದೆ. ಆ ವಾರ ಕುಣಿಗಲ್ ಕಡೆಯ ರೈತರೊಬ್ಬರು ಗೇಟಿನ ಹತ್ತಿರ ನಿಂತು, "ಯಾಕಮ್ಮಾ, ನಮ್ಮ ಕಾಯಿ ಸರಿ ಇರಲಿಲ್ವಾ?" ಎಂದು ಕೇಳಿದ್ದು ನನಗೆ ಇನ್ನೂ ಮರೆತಿಲ್ಲ. ಅವರ ಕಾಯಿ ಚೆನ್ನಾಗಿಯೇ ಇತ್ತು. ತಪ್ಪಿದ್ದು ನನ್ನ ಲೆಕ್ಕ.

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಮಾಲು ಕಳಿಸುವ ಸಣ್ಣ ಘಟಕದವರಿಗೆ, ಈ ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಆ ಲೆಕ್ಕ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಹಿಂದಿನಿಂದ ಎಣಿಸಿ

ರೈಲಿನ ದಿನದಿಂದ ಲೆಕ್ಕ ಶುರು ಮಾಡಬೇಡಿ. ಹಡಗು ಹೊರಡುವ ದಿನದಿಂದಲೂ ಬೇಡ. ಬಂದರಿನ ಕಟ್-ಆಫ್‌ನಿಂದ ಶುರು ಮಾಡಿ, ಹಿಂದಕ್ಕೆ ಬನ್ನಿ.

ನನ್ನದೇ ಉದಾಹರಣೆ ತೆಗೆದುಕೊಳ್ಳಿ. ಕಟ್-ಆಫ್ ಗುರುವಾರ ಮಧ್ಯಾಹ್ನ. ವೈಟ್‌ಫೀಲ್ಡ್‌ನಿಂದ ಚೆನ್ನೈಗೆ ರೈಲು ದಾರಿ ಸುಮಾರು 340 ಕಿಲೋಮೀಟರ್. ಗೂಡ್ಸ್ ರೈಲು ಸರಾಸರಿ ಗಂಟೆಗೆ 25 ಕಿಲೋಮೀಟರ್ ಹೋಗುತ್ತದೆ ಅಂತ ಹಿಡಿದರೆ ಓಟಕ್ಕೇ 14 ಗಂಟೆ ಬೇಕು. ಅದರ ಮೇಲೆ ಬಂದರಿನ ಸೈಡಿಂಗ್‌ಗೆ, ಅಂದರೆ ಮಾಲು ಇಳಿಸುವ ಪಕ್ಕದ ಹಳಿಗೆ, ಒಳಗೆ ಬಿಡಲು ಕಾಯುವುದು, ಕಂಟೇನರ್ ಇಳಿಸುವುದು. ನಾನು ಈಗ ಹೊರಟ ಗಂಟೆಯಿಂದ ಪೂರಾ ಎರಡು ದಿನ ಹಿಡಿಯುತ್ತೇನೆ. ಅಂದರೆ ಮಂಗಳವಾರ ಮಧ್ಯಾಹ್ನದೊಳಗೆ ರೈಲು ಹೊರಟಿರಬೇಕು. ಸೋಮವಾರದ ರೈಲು ಸರಿಹೋಗುತ್ತಿತ್ತು. ಬುಧವಾರದ್ದು ಯಾವ ಲೆಕ್ಕದಲ್ಲೂ ಆಗುವುದಿಲ್ಲ.

ಹಾಗಾಗಿ ರೈಲು ಎರಡು ದಿನ ಮುಂದಕ್ಕೆ ಹೋದರೆ ನಿಮ್ಮ ಮಾಲು ಐದು ದಿನ ಹಿಂದಕ್ಕೆ ಬರಬೇಕು. ಹಿಂದಿನ ವಾರದ ಬುಧವಾರದ ರೈಲಿಗೇ ಹಾಕಬೇಕು. ಫ್ಯಾಕ್ಟರಿಯಲ್ಲಿ ಡ್ರಮ್ ತುಂಬುವವರಿಗೆ, ಲ್ಯಾಬ್‌ನವರಿಗೆ, ಖಾಲಿ ಕಂಟೇನರ್ ತರುವ ಟ್ರೈಲರ್‌ನವರಿಗೆ ಎಲ್ಲರಿಗೂ ಆ ಐದು ದಿನ ಮೊದಲೇ ತಿಳಿದಿರಬೇಕು. ಮೆಸೇಜು ಬಂದ ಸಂಜೆಯೇ ಹೇಳಿ. ಸೋಮವಾರ ಬಂದು ಹೇಳಿದರೆ ಅಷ್ಟರಲ್ಲಿ ಮೂರು ದಿನ ಹೋಗಿರುತ್ತದೆ.

ಇಲ್ಲಿಂದ ಇನ್ನೂ ಹಿಂದಕ್ಕೆ ಹೋಗಿ. ವೈಟ್‌ಫೀಲ್ಡ್ ಡಿಪೋಗೂ ಒಂದು ಕಟ್-ಆಫ್ ಇದೆ. ರೈಲಿಗೆ ಹತ್ತುವ ಮೊದಲು ಕಸ್ಟಮ್ಸ್‌ನವರ ರಫ್ತು ಅನುಮತಿ, ನಾವೆಲ್ಲ 'ಲಿಯೋ' ಅನ್ನುತ್ತೇವಲ್ಲ, ಅದು ಆಗಿರಬೇಕು. ನಡುವೆ ಭಾನುವಾರ, ಹಬ್ಬ ಬಂದರೆ ಅದನ್ನೂ ಸೇರಿಸಿ. ತುಮಕೂರು ರಸ್ತೆ ಕಡೆಯವರಿಗೆ ವೈಟ್‌ಫೀಲ್ಡ್ ಊರಿನ ಆ ತುದಿ. ಭಾರೀ ಗಾಡಿಗಳನ್ನು ಜನ ಓಡಾಡುವ ಹೊತ್ತಿನಲ್ಲಿ ನಗರದೊಳಗೆ ಬಿಡುವುದಿಲ್ಲ. ನಮ್ಮ ಟ್ರೈಲರ್‌ಗಳು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮೇಲೆ ಸುತ್ತಿಕೊಂಡು ಹೋಗುತ್ತವೆ. ದಾರಿ ಉದ್ದ, ಆದರೆ ಇಷ್ಟೊತ್ತಿಗೆ ತಲುಪುತ್ತದೆ ಅಂತ ಧೈರ್ಯವಾಗಿ ಹೇಳಬಹುದು. ನನಗೆ ಅದೇ ಮುಖ್ಯ.

ಯಾಕೆ ಬದಲಾಯಿತು ಅಂತ ಕೇಳಿ

ಕಾರಣ ಕೇಳುವುದು ಕುತೂಹಲಕ್ಕಲ್ಲ. ಇದು ಒಂದು ವಾರದ ಮಾತೋ, ಮೂರು ತಿಂಗಳ ಮಾತೋ ಅನ್ನುವುದು ಕಾರಣದಲ್ಲೇ ಗೊತ್ತಾಗುತ್ತದೆ.

ಒಂದು ಕಂಟೇನರ್ ರೈಲಿಗೆ ಸಾಮಾನ್ಯವಾಗಿ 45 ವ್ಯಾಗನ್. ಒಂದೊಂದರ ಮೇಲೆ 20 ಅಡಿಯ ಎರಡು ಕಂಟೇನರ್. ಒಟ್ಟು 90. ಈ ಪೂರ್ತಿ ಸರಪಳಿಗೆ ರೇಕ್ ಅನ್ನುತ್ತಾರೆ. ರೇಕ್ ವೈಟ್‌ಫೀಲ್ಡ್‌ನಲ್ಲಿ ಹುಟ್ಟುವುದಿಲ್ಲ. ಚೆನ್ನೈಯಿಂದ ಆಮದು ಮಾಲನ್ನೋ ಖಾಲಿ ಕಂಟೇನರ್‌ಗಳನ್ನೋ ಹೊತ್ತು ಬರಬೇಕು, ಇಲ್ಲಿ ಇಳಿಸಬೇಕು, ಆಮೇಲೆ ನಮ್ಮ ರಫ್ತು ಮಾಲು ಹತ್ತಬೇಕು. ಬರುವ ಕಡೆ ಮಾಲು ಕಡಿಮೆಯಾದರೆ ರೇಕ್ ತಡವಾಗಿ ಬರುತ್ತದೆ. ಹೋಗುವ ಕಡೆ 90 ತುಂಬದಿದ್ದರೆ ಇನ್ನೊಂದು ದಿನ ಕಾಯಿಸುತ್ತಾರೆ. ಅರ್ಧ ಖಾಲಿ ರೈಲು ಓಡಿಸಿದರೆ ಅವರಿಗೂ ನಷ್ಟವೇ.

ಇದು ಗೊತ್ತಾದ ಮೇಲೆ ನಾನು ಏಜೆಂಟರಿಗೆ ಕೇಳುವ ಪ್ರಶ್ನೆಯೇ ಬದಲಾಯಿತು. ಮೊದಲು "ರೈಲು ಯಾವಾಗ ಹೋಗುತ್ತೆ?" ಅನ್ನುತ್ತಿದ್ದೆ. ಈಗ "ರೇಕ್ ಎಲ್ಲಿದೆ?" ಅನ್ನುತ್ತೇನೆ.

"ಮೇಡಂ, ಇನ್ನೂ ಚೆನ್ನೈಯಲ್ಲೇ ಲೋಡ್ ಆಗ್ತಿದೆ."

ಹಾಗಂದರೆ ನಾಳೆ ರೈಲು ಇಲ್ಲ ಅಂತಲೇ ಅರ್ಥ. ಅದು ಹೊರಟು, ಬಂದು, ಖಾಲಿಯಾಗಿ, ಮತ್ತೆ ತುಂಬುವುದಕ್ಕೆ ಎರಡು ದಿನವಂತೂ ಬೇಕು. "ಜೋಲಾರ್‌ಪೇಟೆ ದಾಟಿದೆ" ಅಂದರೆ ಸಮಾಧಾನ, ಅರ್ಧಕ್ಕಿಂತ ಹೆಚ್ಚು ದಾರಿ ಬಂದಾಯಿತು. ನಂತರ ಇನ್ನೊಂದು ಪ್ರಶ್ನೆ: "ನಿಮ್ಮ ಹತ್ತಿರ ಈಗ ಎಷ್ಟು ಬಾಕ್ಸ್ ಸೇರಿದೆ?" ಎಪ್ಪತ್ತು, ಎಂಬತ್ತು ಅಂದರೆ ರೈಲು ಹೊರಡುತ್ತದೆ. ಮೂವತ್ತು ಅಂದರೆ ನಾನು ಟ್ರೈಲರ್‌ನವರಿಗೆ ಫೋನ್ ಮಾಡಿ ರಸ್ತೆ ಬಾಡಿಗೆ ಕೇಳಿಟ್ಟುಕೊಳ್ಳುತ್ತೇನೆ.

ಇನ್ನೊಂದು ಕಾರಣ ಹಳಿ. ಜೋಲಾರ್‌ಪೇಟೆ ಕಡೆಯಿಂದ ಬೆಂಗಳೂರು ದಂಡು ಸ್ಟೇಷನ್‌ಗೆ ರೈಲು ಬಂದಿದ್ದು 1864ರಲ್ಲಿ. ಇವತ್ತಿಗೂ ಚೆನ್ನೈ ಕಡೆಯ ಕಂಟೇನರ್‌ಗೆ ಅದೇ ದಾರಿ. ಶತಾಬ್ದಿ, ಬೃಂದಾವನ, 2022ರ ನವೆಂಬರ್‌ನಿಂದ ಮೈಸೂರು–ಚೆನ್ನೈ ವಂದೇ ಭಾರತ್, ಎಲ್ಲವೂ ಅದರ ಮೇಲೆಯೇ ಓಡುತ್ತವೆ. ಜನರನ್ನು ಹೊತ್ತ ಗಾಡಿ ಬಂದಾಗ ಗೂಡ್ಸನ್ನು ಪಕ್ಕದ ಲೂಪ್ ಲೈನಿಗೆ ಹಾಕುತ್ತಾರೆ. ಹಬ್ಬಕ್ಕೆ ವಿಶೇಷ ರೈಲು ಬಿಟ್ಟಾಗ, ಹಳಿ ಕೆಲಸಕ್ಕೆ ಲೈನ್ ಬ್ಲಾಕ್ ತೆಗೆದುಕೊಂಡಾಗ ಇದು ಜಾಸ್ತಿ. ದೀಪಾವಳಿ, ಪೊಂಗಲ್ ವಾರಗಳಲ್ಲಿ ನಾನು ಎರಡು ದಿನದ ಬದಲು ಮೂರು ದಿನ ಹಿಡಿಯುತ್ತೇನೆ. ಪೊಂಗಲ್ ನಮ್ಮ ಕ್ಯಾಲೆಂಡರ್‌ನಲ್ಲಿ ಸಂಕ್ರಾಂತಿ ಒಂದೇ ದಿನ. ಚೆನ್ನೈಯಲ್ಲಿ ಅದು ಮೂರು ನಾಲ್ಕು ದಿನದ ಹಬ್ಬ. ಮರೆಯಬೇಡಿ.

'ಚೆನ್ನೈ' ಅಂದರೆ ಯಾವ ಚೆನ್ನೈ?

ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಚೆನ್ನೈ ಬಂದರಿನ ಒಳಗೇ ಎರಡು ಕಂಟೇನರ್ ಟರ್ಮಿನಲ್ ಇವೆ. ಅಲ್ಲಿಂದ ಸುಮಾರು 20 ಕಿಲೋಮೀಟರ್ ಉತ್ತರಕ್ಕೆ ಎಣ್ಣೂರಿನ ಕಾಮರಾಜರ್ ಬಂದರು. ಅದರ ಪಕ್ಕದಲ್ಲೇ ಕಾಟ್ಟುಪಳ್ಳಿ. ಊರಿನ ಒಳಗೆ ತಂಡಿಯಾರ್‌ಪೇಟೆಯಲ್ಲಿ ಕಾನ್ಕಾರ್‌ನ, ಅಂದರೆ ಸರ್ಕಾರಿ ಕಂಟೇನರ್ ರೈಲು ಕಂಪನಿಯ, ರೈಲು ಟರ್ಮಿನಲ್ ಬೇರೆ. ಬೆಂಗಳೂರಿನಲ್ಲಿ ಕೂತವರಿಗೆ ಎಲ್ಲವೂ 'ಚೆನ್ನೈ'ಯೇ.

ಹಡಗು ಕಂಪನಿಗಳು ಒಂದು ಸರ್ವಿಸನ್ನು ಒಂದು ಟರ್ಮಿನಲ್‌ನಿಂದ ಇನ್ನೊಂದಕ್ಕೆ ಬದಲಿಸುವುದುಂಟು. ಆಗ ರೈಲೂ ತಾನಾಗಿ ಅಲ್ಲಿಗೇ ಹೋಗುತ್ತದೆ ಅಂದುಕೊಳ್ಳಬೇಡಿ. ರೈಲು ಒಂದು ಕಡೆ ಇಳಿಸಿ, ಅಲ್ಲಿಂದ ಟ್ರೈಲರ್‌ನಲ್ಲಿ ಇನ್ನೊಂದು ಕಡೆಗೆ ಸಾಗಿಸಬೇಕಾಗಬಹುದು. ಉತ್ತರ ಚೆನ್ನೈಯಲ್ಲಿ ಬಂದರಿನ ರಸ್ತೆಯ ಮೇಲೆ ಟ್ರೈಲರ್‌ಗಳ ಸಾಲು ನೋಡಿದವರಿಗೆ ಆ 20 ಕಿಲೋಮೀಟರ್ ಏನು ಅಂತ ಗೊತ್ತು. ನಾನು ಒಮ್ಮೆ ಎಣ್ಣೂರು ರಸ್ತೆಯಲ್ಲಿ ನಮ್ಮದೇ ಗಾಡಿ ಹುಡುಕಿಕೊಂಡು ನಡೆದಿದ್ದೇನೆ. ಕಾಸಿಮೇಡು ಮೀನಿನ ವಾಸನೆ, ಬಿಸಿಲು, ಸಾಲು ಸಾಲು ಟ್ರೈಲರ್. ಡ್ರೈವರ್ ಅಣ್ಣ ಗಾಡಿಯ ಕೆಳಗೆ ನೆರಳಿನಲ್ಲಿ ಸ್ಟೌ ಹಚ್ಚಿ ಅನ್ನ ಮಾಡುತ್ತಿದ್ದರು. "ನಿನ್ನೆಯಿಂದ ಇಲ್ಲೇ ಇದ್ದೀನಿ ಮೇಡಂ" ಅಂದರು.

ಹಾಗಾಗಿ ಬುಕಿಂಗ್ ಕಾಗದ ಕೈಗೆ ಬಂದ ಕೂಡಲೇ ಟರ್ಮಿನಲ್ ಹೆಸರಿನ ಕೆಳಗೆ ಗೆರೆ ಎಳೆಯಿರಿ. ರೈಲಿನವರನ್ನು ಕೇಳಿ: "ಈ ರೇಕ್ ಇದೇ ಟರ್ಮಿನಲ್ ಒಳಗೆ ಹೋಗುತ್ತಾ, ಇಲ್ಲ ಹೊರಗೆ ಇಳಿಸಿ ಗಾಡಿಯಲ್ಲಿ ಕಳಿಸ್ತೀರಾ? ಆ ಗಾಡಿ ಬಾಡಿಗೆ ಯಾರದ್ದು?" ಉತ್ತರವನ್ನು ಮೆಸೇಜಿನಲ್ಲೋ ಮೇಲ್‌ನಲ್ಲೋ ಬರೆಸಿಕೊಳ್ಳಿ. ಗಾಡಿಯಲ್ಲಿ ಸಾಗಿಸುವುದಿದ್ದರೆ ಲೆಕ್ಕಕ್ಕೆ ಇನ್ನೊಂದು ದಿನ ಸೇರಿಸಿ.

ಶಿಪ್ಪಿಂಗ್ ಬಿಲ್ ಹಾಕುವ ಮೊದಲೇ ತೀರ್ಮಾನಿಸಿ

ರೈಲೋ ರಸ್ತೆಯೋ ಎಂಬುದು ಬರೀ ಗಾಡಿಯ ಪ್ರಶ್ನೆ ಅಲ್ಲ, ಕಾಗದದ ಪ್ರಶ್ನೆಯೂ ಹೌದು. ಶಿಪ್ಪಿಂಗ್ ಬಿಲ್ ಅಂದರೆ ರಫ್ತಿಗೆ ಮೊದಲು ಕಸ್ಟಮ್ಸ್‌ಗೆ ಕೊಡುವ ಮಾಲಿನ ಘೋಷಣೆ. ವೈಟ್‌ಫೀಲ್ಡ್ ಮೂಲಕ ಹೋಗುವ ಮಾಲಿಗೆ ಅದನ್ನು ವೈಟ್‌ಫೀಲ್ಡ್‌ನ ಕಸ್ಟಮ್ಸ್ ಕೋಡ್‌ನಲ್ಲಿ ಹಾಕುತ್ತೇವೆ. ಫ್ಯಾಕ್ಟರಿಯಲ್ಲೇ ಸೀಲ್ ಮಾಡಿ ರಸ್ತೆಯಲ್ಲಿ ನೇರ ಬಂದರಿಗೆ ಕಳಿಸಿದರೆ ಆ ಬಂದರಿನ ಕೋಡ್. ವೈಟ್‌ಫೀಲ್ಡ್ ಕೋಡ್‌ನಲ್ಲಿ ಹಾಕಿದ ಮೇಲೆ "ರೈಲು ಇಲ್ವಂತೆ, ಹಾಗೇ ರಸ್ತೆಯಲ್ಲಿ ಕಳಿಸಿಬಿಡೋಣ" ಅಂದರೆ ಆಗುವುದಿಲ್ಲ. ಬಿಲ್ ರದ್ದು ಮಾಡಿಸಿ ಹೊಸದು ಹಾಕಬೇಕು, ಅಥವಾ ಡಿಪೋದಿಂದಲೇ ರಸ್ತೆಯಲ್ಲಿ ಸಾಗಿಸಲು ಕಸ್ಟಮ್ಸ್ ಅನುಮತಿ ಪಡೆಯಬೇಕು. ಎರಡಕ್ಕೂ ಒಂದೆರಡು ದಿನ ಓಡಾಟ.

ಅದಕ್ಕೇ ನಾನು ರೇಕ್ ಎಲ್ಲಿದೆ, ಎಷ್ಟು ಬಾಕ್ಸ್ ಸೇರಿದೆ ಅನ್ನುವುದನ್ನು ಕೇಳಿದ ಮೇಲೆಯೇ ಕಸ್ಟಮ್ಸ್ ಏಜೆಂಟರಿಗೆ ಬಿಲ್ ಹಾಕಲು ಹೇಳುತ್ತೇನೆ. ಅರ್ಧ ದಿನ ತಡವಾದರೂ ಪರವಾಗಿಲ್ಲ.

ತೂಕದ ಕಾಗದವೂ ಹಾಗೇ. 2016ರ ಜುಲೈ 1ರಿಂದ ತುಂಬಿದ ಕಂಟೇನರ್‌ನ ತೂಕ ದೃಢೀಕರಿಸಿ ಕೊಡದೆ ಯಾವ ಹಡಗಿಗೂ ಹತ್ತಿಸುವ ಹಾಗಿಲ್ಲ. ಅದಕ್ಕೆ ವಿಜಿಎಂ ಅನ್ನುತ್ತೇವೆ. ರೈಲು ತಡವಾದಾಗ ಎಲ್ಲರ ಗಮನ ರೈಲಿನ ಮೇಲೆ ಇರುತ್ತದೆ, ಇದನ್ನು ಕಳಿಸುವುದು ಮರೆತುಹೋಗುತ್ತದೆ. ಕಂಟೇನರ್ ಫ್ಯಾಕ್ಟರಿ ಬಿಟ್ಟ ಸಂಜೆಯೇ ಕಳಿಸಿಬಿಡಿ.

ಕಂಟೇನರ್ ನಂಬರನ್ನು ಬಾಗಿಲಿನಿಂದಲೇ ಫೋಟೋ ತೆಗೆಯಿರಿ, ಬಾಯಿಂದ ಕೇಳಿ ಬರೆದುಕೊಳ್ಳಬೇಡಿ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಒಂದು ಚೌಕದೊಳಗೆ ಇನ್ನೊಂದು ಅಂಕಿ. ಆ ಚೌಕದ ಅಂಕಿ ಅದಕ್ಕಿಂತ ಮೊದಲಿನ ಹತ್ತು ಅಕ್ಷರ-ಅಂಕಿಗಳಿಂದ ಲೆಕ್ಕ ಹಾಕಿ ಬಂದದ್ದು. ನಡುವೆ ಎಲ್ಲೋ 3 ಹೋಗಿ 8 ಆದರೆ ಅದು ತಾಳೆಯಾಗುವುದಿಲ್ಲ. ನಮ್ಮ ಹುಡುಗರು ಕಂಟೇನರ್ ಬಂದ ಕೂಡಲೇ ಒಬ್ಬರು ಒಳಗೆ ಹೋಗಿ ನಿಲ್ಲುತ್ತಾರೆ, ಹೊರಗಿನವರು ಬಾಗಿಲು ಮುಚ್ಚುತ್ತಾರೆ. ಒಳಗೆ ಕತ್ತಲು. ಎಲ್ಲಾದರೂ ಸೂಜಿಮೊನೆಯಷ್ಟು ಬೆಳಕು ಕಂಡರೆ ಅಲ್ಲಿ ತೂತಿದೆ ಅಂತ ಅರ್ಥ, ಮಳೆ ನೀರು ಬರುತ್ತದೆ. ಆ ಕಂಟೇನರ್ ವಾಪಸ್. ರೈಲು ಮುಂದಕ್ಕೆ ಹೋದಾಗ ಬಾಕ್ಸ್ ಯಾರ್ಡ್‌ನಲ್ಲಿ ತೆರೆದ ಆಕಾಶದ ಕೆಳಗೆ ಜಾಸ್ತಿ ದಿನ ಇರುತ್ತದೆ. ಆಗ ಈ ಒಂದು ನಿಮಿಷದ ಪರೀಕ್ಷೆ ಬಹಳ ಬೆಲೆ ಬಾಳುತ್ತದೆ. ಬಾಟಲಿ ಮಾಲು, ರಟ್ಟಿನ ಪೆಟ್ಟಿಗೆ ಕಳಿಸುವವರು ಇದನ್ನು ಬಿಡಲೇಬೇಡಿ.

ದಾರಿಯೇ ಮುಚ್ಚಿದರೆ

2023ರ ಡಿಸೆಂಬರ್ ಮೊದಲ ವಾರ ಮಿಚಾಂಗ್ ಚಂಡಮಾರುತ ಬಂದಾಗ ಚೆನ್ನೈ ನೀರಿನಲ್ಲಿ ಮುಳುಗಿತ್ತು. ರೈಲುಗಳು ರದ್ದಾದವು, ಬಂದರಿನ ಕೆಲಸವೂ ನಿಂತಿತು. 2025ರ ಜುಲೈ 13ರ ಬೆಳಿಗ್ಗೆ ತಿರುವಳ್ಳೂರಿನ ಹತ್ತಿರ ಡೀಸೆಲ್ ಹೊತ್ತ ಗೂಡ್ಸ್ ರೈಲಿಗೆ ಬೆಂಕಿ ಬಿತ್ತು. ಅದು ಅರಕ್ಕೋಣಂ–ಚೆನ್ನೈ ಹಳಿ, ಅಂದರೆ ನಮ್ಮದೇ ದಾರಿ. ಮೇಲಿನ ವಿದ್ಯುತ್ ತಂತಿ, ಕೆಳಗಿನ ಹಳಿ ಎರಡೂ ಹಾಳಾದವು.

ಈ ಎರಡು ಸಂದರ್ಭದಲ್ಲಿ ಮಾಡಬೇಕಾದದ್ದು ಒಂದೇ ಅಲ್ಲ. ಚಂಡಮಾರುತದಲ್ಲಿ ಹಡಗೂ ನಿಲ್ಲುತ್ತದೆ. ಹಡಗು ತಡವಾದರೆ ಕಟ್-ಆಫ್ ಕೂಡ ಮುಂದಕ್ಕೆ ಹೋಗಬಹುದು. ಆಗ ಗಾಬರಿಯಿಂದ ಮಾಲನ್ನು ರಸ್ತೆಗೆ ಹಾಕಬೇಡಿ. ನೀರು ನಿಂತ ಊರಿನ ಹೊರಗೆ ಟ್ರೈಲರ್ ನಿಂತು ಬಾಡಿಗೆ ಏರುತ್ತದೆ ಅಷ್ಟೇ. ಹಡಗು ಕಂಪನಿಗೆ ಫೋನ್ ಮಾಡಿ ಹೊಸ ಕಟ್-ಆಫ್ ತಿಳಿದುಕೊಳ್ಳಿ, ಮಾಲನ್ನು ಇಲ್ಲೇ ಒಣ ಜಾಗದಲ್ಲಿ ಇಟ್ಟುಕೊಳ್ಳಿ. ಹಳಿ ಮಾತ್ರ ಹಾಳಾದಾಗ ಹಡಗು ಯಾರಿಗೂ ಕಾಯುವುದಿಲ್ಲ. ಬಂದರು ಎಂದಿನಂತೆ ನಡೆಯುತ್ತಿರುತ್ತದೆ. ಆಗ ಮೊದಲ ಎರಡು ಗಂಟೆಯಲ್ಲಿ ಟ್ರೈಲರ್ ಹಿಡಿದವರಿಗೆ ಗಾಡಿ ಸಿಗುತ್ತದೆ. ಸಂಜೆ ಹೊತ್ತಿಗೆ ಎಲ್ಲರೂ ಅದನ್ನೇ ಹುಡುಕುತ್ತಿರುತ್ತಾರೆ.

ಮಂಗಳೂರಿನಿಂದ ಕಳಿಸಬಾರದಾ ಅಂತ ಕೆಲವರು ಕೇಳುತ್ತಾರೆ. ನಮ್ಮದೇ ರಾಜ್ಯದ ಬಂದರು, ನನಗೂ ಅಲ್ಲಿಂದ ಕಳಿಸುವ ಆಸೆ. ನೀವು ಕಳಿಸುವ ದೇಶಕ್ಕೆ ಅಲ್ಲಿಂದ ಹಡಗು ಸಿಗುತ್ತದಾ ನೋಡಿ, ಸಿಕ್ಕರೆ ಒಳ್ಳೆಯದೇ. ಮಳೆಗಾಲದಲ್ಲಿ ಮಾತ್ರ ಅದನ್ನೇ ನಂಬಿಕೊಳ್ಳಬೇಡಿ. 2024ರ ಜುಲೈ 26ರಂದು ಯಡಕುಮಾರಿ ಹತ್ತಿರ ಹಳಿಯ ಕೆಳಗಿನ ಮಣ್ಣು ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ಘಾಟಿ ದಿನಗಟ್ಟಲೆ ಬಂದ್ ಆಗಿತ್ತು. ಶಿರಾಡಿ ರಸ್ತೆಯ ಕಥೆ ನಿಮಗೆ ಹೇಳಬೇಕಾಗಿಲ್ಲ.

ದುಡ್ಡಿನ ದಿನಾಂಕ

ಎಲ್‌ಸಿ (ಲೆಟರ್ ಆಫ್ ಕ್ರೆಡಿಟ್, ಅಂದರೆ ಸರಿಯಾದ ಕಾಗದ ಕೊಟ್ಟರೆ ದುಡ್ಡು ಕೊಡುತ್ತೇವೆ ಅನ್ನುವ ಖರೀದಿದಾರರ ಬ್ಯಾಂಕಿನ ಪತ್ರ) ಮೇಲೆ ವ್ಯಾಪಾರ ಮಾಡುವವರು ಇದನ್ನು ಗಮನವಿಟ್ಟು ಓದಿ. ಎಲ್‌ಸಿಯಲ್ಲಿ ಮಾಲು ಹಡಗಿಗೆ ಏರಿದ ಕಾಗದ ಕೇಳಿದ್ದರೆ, ಕೊನೆಯ ದಿನಾಂಕಕ್ಕೆ ಲೆಕ್ಕ ಬರುವುದು ಹಡಗಿಗೆ ಏರಿದ ದಿನ, ವೈಟ್‌ಫೀಲ್ಡ್‌ನಲ್ಲಿ ರೈಲು ಹತ್ತಿದ ದಿನ ಅಲ್ಲ. ರೈಲು ಬದಲಾಯಿತು ಅನ್ನುವ ಸುದ್ದಿ ಬಂದಾಗ ಕೈಯಲ್ಲಿರುವ ಎಲ್ಲ ಎಲ್‌ಸಿಗಳ ಕೊನೆಯ ದಿನಾಂಕ ತೆಗೆದು ನೋಡಿ. ಒಂದು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಅವತ್ತೇ ಖರೀದಿದಾರರಿಗೆ ಬರೆದು ದಿನಾಂಕ ವಿಸ್ತರಿಸಲು ಕೇಳಿ. ರೈಲು ಬದಲಾದ ನೋಟಿಸನ್ನೂ ಜೊತೆಗೆ ಹಾಕಿ. ಗಡುವಿಗೆ ಮೊದಲೇ ಕೇಳಿದವರಿಗೆ ಖರೀದಿದಾರರು ಸಾಮಾನ್ಯವಾಗಿ ಒಪ್ಪುತ್ತಾರೆ. ನಮ್ಮ ಆ ಮೂರು ಕಂಟೇನರ್ ವಿಷಯದಲ್ಲಿ ನಾನು ಗಡುವು ದಾಟಿದ ಮೇಲೆ ಕೇಳಿದೆ. ಅವರು ಒಪ್ಪಿದರು, ಆದರೆ ಬೆಲೆಯಲ್ಲಿ ಮುರಿದುಕೊಂಡರು.

ಅವತ್ತಿನಿಂದ ಒಂದು ಉದ್ದದ ನೋಟ್‌ಬುಕ್ ಇಟ್ಟಿದ್ದೇನೆ. ಕಂಪ್ಯೂಟರ್‌ನಲ್ಲೂ ಮಾಡಬಹುದು, ನನಗೆ ಪುಸ್ತಕವೇ ವಾಸಿ. ಒಂದೊಂದು ರೈಲಿಗೆ ಒಂದು ಸಾಲು: ಹೇಳಿದ ದಿನ, ನಿಜವಾಗಿ ಹೊರಟ ದಿನ ಮತ್ತು ಗಂಟೆ, ಬಂದರು ಮುಟ್ಟಿದ ಗಂಟೆ, ಯಾವ ಟರ್ಮಿನಲ್, ತಡವಾಗಿದ್ದರೆ ಕಾರಣ. ಬಂದರು ಮುಟ್ಟಿದ್ದನ್ನು ತಿಳಿಯಲು ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಕಂಟೇನರ್ ನಂಬರ್ ಹಾಕಿ ನೋಡುತ್ತೇನೆ. ರೈಲು ನಡುದಾರಿಯಲ್ಲಿ ಎಲ್ಲಿದೆ ಅನ್ನುವುದು ರೈಲ್ವೆಯ ಸ್ವಂತ ವ್ಯವಸ್ಥೆಯಲ್ಲಿರುತ್ತದೆ. ರೈಲು ನಡೆಸುವವರು ಅದನ್ನು ನೋಡಿ ಹೇಳುತ್ತಾರೆ, ಕೇಳಬೇಕು ಅಷ್ಟೇ. 2006ರ ನೀತಿಯ ನಂತರ ಖಾಸಗಿಯವರೂ ಕಂಟೇನರ್ ರೈಲು ನಡೆಸುತ್ತಾರೆ. ಹಾಗಾಗಿ ಯಾರ ರೈಲು ಅನ್ನುವುದನ್ನೂ ಬರೆದಿಡಿ. ಮೂರು ತಿಂಗಳ ಸಾಲುಗಳು ಸೇರಿದರೆ, ಎರಡು ದಿನ ಹಿಡಿಯಬೇಕೋ ಮೂರು ದಿನವೋ ಅನ್ನುವುದನ್ನು ನೀವು ಬೇರೆ ಯಾರನ್ನೂ ಕೇಳಬೇಕಾಗಿಲ್ಲ.

ದೇಶದ ಮೊದಲ ಒಣ ಬಂದರು, ಅಂದರೆ ಸಮುದ್ರದಿಂದ ದೂರದ ಕಂಟೇನರ್ ಡಿಪೋ, 1981ರಲ್ಲಿ ಶುರುವಾಗಿದ್ದು ನಮ್ಮ ಬೆಂಗಳೂರಿನಲ್ಲೇ. ಸಮುದ್ರ ಇಲ್ಲದ ಊರಿನ ಸಣ್ಣ ಫ್ಯಾಕ್ಟರಿಯೂ ಹೊರದೇಶಕ್ಕೆ ಮಾಲು ಕಳಿಸಲಿ ಅಂತ ಮಾಡಿದ ಸೌಕರ್ಯ ಅದು. ಭಾರದ ಮಾಲಿಗೆ ರೈಲೇ ಸರಿ ಅಂತ ನಾನು ಇವತ್ತಿಗೂ ನಂಬಿದ್ದೇನೆ. ಒಂದು ರೈಲು ಹೊರಟರೆ ಹೊಸೂರು ರಸ್ತೆಯ ಮೇಲೆ ಹತ್ತಾರು ಟ್ರೈಲರ್ ಕಡಿಮೆ. ಒಂದು ಸಲ ತಡವಾಯಿತು ಅಂತ ರೈಲು ಬಿಟ್ಟವರ ಮಾಲು ಆ 90ರ ಲೆಕ್ಕದಿಂದ ಕಳೆದುಹೋಗುತ್ತದೆ. ಆಗ ಉಳಿದವರ ರೈಲು ಇನ್ನೂ ಒಂದು ದಿನ ಕಾಯುತ್ತದೆ. ನಮ್ಮ ಪಕ್ಕದ ಎರಡು ಫ್ಯಾಕ್ಟರಿಯವರ ಜೊತೆ ಮಾತಾಡಿಕೊಂಡು, ಮೂವರೂ ಒಂದೇ ರೈಲಿಗೆ ಮಾಲು ಕೊಡುವ ಹಾಗೆ ಮಾಡಿಕೊಂಡಿದ್ದೇವೆ. ಪ್ರತಿ ಗುರುವಾರ ಮಧ್ಯಾಹ್ನ ಊಟ ಆದ ಮೇಲೆ ಮೂವರೂ ಫೋನಿನಲ್ಲಿ ಸೇರುತ್ತೇವೆ. ಯಾರದ್ದು ಎಷ್ಟು ಬಾಕ್ಸ್, ಯಾವ ಹಡಗು, ಯಾವ ಕಟ್-ಆಫ್ ಅಂತ ಹೇಳಿಕೊಂಡು, ಒಟ್ಟು ಸಂಖ್ಯೆಯನ್ನು ಒಬ್ಬರೇ ರೈಲಿನವರಿಗೆ ತಿಳಿಸುತ್ತೇವೆ. ಹನ್ನೆರಡು ಬಾಕ್ಸ್ ಒಟ್ಟಿಗೆ ಇದೆ ಅಂದಾಗ ದಿನ ಬದಲಿಸುವ ಮೊದಲು ಅವರೇ ನಮಗೆ ಫೋನ್ ಮಾಡಿ ಕೇಳುತ್ತಾರೆ.